ರಕ್ತ ಬಾರದ ವಸಡು

ನಿಪ್ಪಾಣಿಯ ನನ್ನ ಸೋದರಮಾವ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನತೊಡಗಿದಾಗ, ವಯಸ್ಸಾಯಿತೆಂದು ಮನೆಯವರೆಲ್ಲ ಸುಮ್ಮನಾದೆವು. ಅವರಿಗೆ ಆಗಿನ್ನೂ 52. ‘ಒಂದು ದಿನವೂ ವಸಡಿನಿಂದ ರಕ್ತ ಬಂದಿಲ್ಲ, ನೋವೂ ಇಲ್ಲ’ ಎನ್ನುತ್ತಿದ್ದರು. ಅದು ನಿಜವೇ. ತಂಬಾಕಿನ ವ್ಯಾಪಾರದ ಊರಿನಲ್ಲಿ ಬೆಳೆದ ಅವರು ಮೂವತ್ತು ವರ್ಷ ಬೀಡಿ ಸೇದಿದ್ದರು.

ವಸಡಿನ ಕಾಯಿಲೆ ಹುಟ್ಟುವುದು ಹಲ್ಲಿನ ಬುಡದ ಪಾಚಿಯಲ್ಲಿ. ನಾಲಿಗೆಗೆ ಜಿಡ್ಡಿನಂತೆ ತಾಗುವ ಆ ಪದರದ ತುಂಬ ಬ್ಯಾಕ್ಟೀರಿಯಾಗಳಿರುತ್ತವೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜತೊಡಗಿದಾಗ ವಾರದ ಆಸುಪಾಸಿನಲ್ಲಿ ವಾಸಿಯಾಯಿತು. ಈ ಹಂತದಲ್ಲಿ ಎಚ್ಚೆತ್ತರೆ ಏನೂ ಕಳೆದುಕೊಳ್ಳಬೇಕಿಲ್ಲ. ಹಾಗೆಯೇ ಬಿಟ್ಟರೆ ಪಾಚಿಯು ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಹಿಡಿದು ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ಹಲವರಲ್ಲಿ ಉರಿಯೂತ ಒಳಗಿಳಿದು, ಹಲ್ಲನ್ನು ಹಿಡಿದಿರುವ ಎಲುಬನ್ನೇ ಕರಗಿಸುತ್ತದೆ. ಆ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇದ್ದರೆ ಹಾನಿ ಇನ್ನೂ ಬೇಗ.

ಉಜ್ಜುವಾಗ ಬರುವ ರಕ್ತವೇ ಬಹಳ ಜನರಿಗೆ ಮೊದಲ ಸುಳಿವು. ಧೂಮಪಾನ ಈ ಸುಳಿವನ್ನೇ ಅಡಗಿಸುತ್ತದೆ: ಒಳಗೆ ಎಲುಬು ಸವೆಯುವ ವೇಗ ಹೆಚ್ಚುತ್ತದೆ, ಹೊರಗೆ ವಸಡು ಒಣಗಿ ಗಟ್ಟಿಮುಟ್ಟಾಗಿ ಕಾಣುತ್ತದೆ. ನನ್ನನ್ನು ಇಂದಿಗೂ ಕಾಡುವುದು ಈ ಮೋಸವೇ. ಮಾವನ ಬಾಯಿವಾಸನೆ, ಉದ್ದವಾದಂತೆ ಕಾಣುತ್ತಿದ್ದ ಮುಂದಿನ ಹಲ್ಲುಗಳು, ಅವುಗಳ ನಡುವೆ ಹೊಸದಾಗಿ ಬಿದ್ದ ಸಂದು, ಇವೆಲ್ಲ ನಮ್ಮ ಕಣ್ಣೆದುರೇ ಇದ್ದವು.

ಬೆಳಗಾವಿಯ ದಂತವೈದ್ಯರು ಮಿಲಿಮೀಟರ್ ಗುರುತುಗಳಿದ್ದ ಮೊಂಡು ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲನೆ ಇಳಿಸಿ, ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆದರು. ಆರೋಗ್ಯವಿದ್ದರೆ ಆಳ 3 ಮಿಲಿಮೀಟರ್ ದಾಟುವುದಿಲ್ಲ. ಮಾವನ ದವಡೆ ಹಲ್ಲೊಂದರ ಬಳಿ ಕಡ್ಡಿ 7ರವರೆಗೆ ಇಳಿಯಿತು. ಎಲುಬು ಎಷ್ಟು ಕರಗಿದೆ ಎಂಬುದನ್ನು ಎಕ್ಸ್‌ರೇ ತೋರಿಸಿತು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆಂದು ಮಾವ ಹೆದರಿದ್ದರು; ಸಡಿಲವಾಗಿದ್ದ ಹಲ್ಲನ್ನು ಗಾರೆ ಮರೆಮಾಚಿರುತ್ತದೆ, ಅಷ್ಟೇ.

ಎರಡು ಹಲ್ಲು ಹೋದವು, ಉಳಿದವಕ್ಕೆ ಚಿಕಿತ್ಸೆ ನಡೆಯಿತು. ಬೀಡಿ ಬಿಟ್ಟ ಐದನೆಯ ವಾರ ಮಾವ ಬೆಳಗ್ಗೆಯೇ ಗಾಬರಿಯಿಂದ ಫೋನ್ ಮಾಡಿದರು. ಉಜ್ಜುವಾಗ ಜೀವನದಲ್ಲೇ ಮೊದಲ ಸಲ ರಕ್ತ ಕಂಡಿತ್ತು. ಹೊಗೆ ಅದುಮಿಟ್ಟಿದ್ದ ಲಕ್ಷಣ ಈಗ ಹೊರಬಿದ್ದಿದೆ, ಉಜ್ಜುವುದನ್ನು ಮಾತ್ರ ನಿಲ್ಲಿಸಬೇಡಿ ಎಂದರು ವೈದ್ಯರು.