ಪ್ರಯಾಣಿಕರ ನಡುವೆ ಕೂತ ಪೈಲಟ್

ವಿಮಾನದಲ್ಲಿ ನಿಮ್ಮ ಪಕ್ಕದ ಸೀಟಿನವರು ಪೈಲಟ್ ಯೂನಿಫಾರ್ಮ್‌ನಲ್ಲೇ ನಿದ್ದೆ ಹೊಡೆಯುತ್ತಿದ್ದರೆ ಗಾಬರಿ ಬೇಡ. ಈ ವಿಮಾನ ಓಡಿಸುವವರು ಅವರಲ್ಲ. ಇಳಿಯುವ ಊರಲ್ಲಿ ಅವರಿಗಾಗಿ ಇನ್ನೊಂದು ವಿಮಾನ ಕಾಯುತ್ತಿರುತ್ತದೆ. ಸಿಬ್ಬಂದಿಯನ್ನು ಹೀಗೆ ಪ್ರಯಾಣಿಕರಂತೆ ಸಾಗಿಸುವುದಕ್ಕೆ ‘ಡೆಡ್‌ಹೆಡಿಂಗ್’ ಎನ್ನುತ್ತಾರೆ. ಹೆಸರೇ ಅಪಶಕುನದ ಹಾಗಿದೆ, ಅಲ್ವಾ? ಡ್ಯೂಟಿ ಇಲ್ಲದ ಪೈಲಟ್‌ಗಳೂ ಮನೆಗೋ ಕೆಲಸದ ಊರಿಗೋ ಹೀಗೇ ಹೋಗಿಬರುತ್ತಾರೆ. ಸೀಟು ಸಿಗದಿದ್ದರೆ ಕಾಕ್‌ಪಿಟ್‌ನಲ್ಲಿರುವ ಹೆಚ್ಚುವರಿ ‘ಜಂಪ್ ಸೀಟ್’ ಇದೆ.

1989ರ ಜುಲೈ 19ರಂದು ಡೆನ್ವರ್‌ನಿಂದ ಶಿಕಾಗೋಗೆ ಹೊರಟ ಯುನೈಟೆಡ್ ಕಂಪನಿಯ 232 ವಿಮಾನದಲ್ಲಿ ಪೈಲಟ್ ಡೆನ್ನಿ ಫಿಚ್ ಹಾಗೆ ಪ್ರಯಾಣಿಕರ ನಡುವೆ ಕೂತಿದ್ದರು. ಬಾಲದ ಎಂಜಿನ್ ಸಿಡಿದು, ಅದರ ಚೂರುಗಳು ಹೈಡ್ರಾಲಿಕ್ ಪೈಪುಗಳನ್ನು ಕತ್ತರಿಸಿದವು. ದ್ರವದ ಒತ್ತಡದಿಂದ ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. ಸ್ಟಿಯರಿಂಗ್ ತಿರುಗಿಸಿದರೂ ವಿಮಾನ ಕೇಳುತ್ತಿರಲಿಲ್ಲ. ಫಿಚ್ ಅದೇ ಡಿಸಿ-10 ಮಾದರಿಗೆ ತರಬೇತಿ ಕೊಡುವವರು. 1985ರಲ್ಲಿ ಜಪಾನಿನಲ್ಲಿ ಹೈಡ್ರಾಲಿಕ್ಸ್ ಕಳೆದುಕೊಂಡೇ ಒಂದು ವಿಮಾನ ಬಿದ್ದಿತ್ತು. ಅದಾದ ಮೇಲೆ ಇವರು ಸಿಮ್ಯುಲೇಟರ್‌ನಲ್ಲಿ ಕೂತು, ಬರೀ ಎಂಜಿನ್‌ಗಳಿಂದ ವಿಮಾನ ಹಾರಿಸಲು ಆಗುತ್ತಾ ಅಂತ ನೋಡಿದ್ದರು! ಫಿಚ್ ಕಾಕ್‌ಪಿಟ್‌ಗೆ ಹೋಗಿ, ಪೈಲಟ್‌ಗಳ ನಡುವೆ ನೆಲದ ಮೇಲೆ ಮಂಡಿಯೂರಿ, ಉಳಿದೆರಡು ಎಂಜಿನ್‌ಗಳ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಹಿಡಿದರು. ಬಲದ ಎಂಜಿನ್‌ಗೆ ಜಾಸ್ತಿ ಶಕ್ತಿ ಕೊಟ್ಟರೆ ವಿಮಾನ ಎಡಕ್ಕೆ ವಾಲುತ್ತದೆ. ಎರಡಕ್ಕೂ ಕೊಟ್ಟರೆ ಮೂಗು ಮೇಲೇಳುತ್ತದೆ. ಅಷ್ಟನ್ನೇ ನಂಬಿಕೊಂಡು ಸೂ ಸಿಟಿ ತಲುಪಿದರು. ಇಳಿಯುವಾಗ ವಿಮಾನ ಚೂರಾಯಿತು. ಆದರೂ 296 ಜನರಲ್ಲಿ 184 ಮಂದಿ ಉಳಿದರು.

ಇನ್ನೊಬ್ಬ ಪೈಲಟ್ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲ್ಲ. 1972ರಲ್ಲಿ ಲಂಡನ್ನಿನಿಂದ ಹೊರಟ ಬ್ರಿಟನ್ನಿನ ಬಿಇಎ ಕಂಪನಿಯ 548 ವಿಮಾನದ ಜಂಪ್ ಸೀಟಿನಲ್ಲೂ ಒಬ್ಬ ಕ್ಯಾಪ್ಟನ್ ಇದ್ದರು. ಮೂರು ನಿಮಿಷ ಕಳೆಯುವುದರೊಳಗೆ ವಿಮಾನ ಬಿತ್ತು. 118 ಜನ ಸತ್ತರು.

ನನಗೆ ಹೆಚ್ಚು ಕಾಡುವುದು ಇಳಿದ ಮೇಲೆ ಕೆಲಸಕ್ಕೆ ಕೂರುವವರ ನಿದ್ದೆ. 2009ರಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಕಂಪನಿಯ 3407 ವಿಮಾನ ಬಿದ್ದು 50 ಜನ ಸತ್ತರು. ಅದರ ಸಹ ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನಗಳಲ್ಲಿ ಕೆಲಸದ ಊರಾದ ನ್ಯೂಅರ್ಕ್‌ಗೆ ಬಂದಿದ್ದರು. ತಪ್ಪು ನಡೆದದ್ದು ವಿಮಾನ ಸ್ಟಾಲ್ ಆಗುವಾಗ, ಅಂದರೆ ರೆಕ್ಕೆಗಳು ಅದನ್ನು ಎತ್ತಿಹಿಡಿಯಲಾರದ ಸ್ಥಿತಿಗೆ ಬರುವಾಗ, ಕ್ಯಾಪ್ಟನ್ ಕೈಯಿಂದ. ಆದರೆ ದಣಿವು ಇಬ್ಬರನ್ನೂ ಬಾಧಿಸಿರಬಹುದು ಎಂದರು ತನಿಖೆಯವರು. ಅಮೆರಿಕದ ಈಗಿನ ನಿಯಮದಲ್ಲಿ ಕಂಪನಿ ಕಳಿಸಿದ ಡೆಡ್‌ಹೆಡ್ ಪ್ರಯಾಣ ಡ್ಯೂಟಿಯ ಲೆಕ್ಕಕ್ಕೆ ಬರುತ್ತದೆ. ಮನೆಯಿಂದ ಕೆಲಸದ ಊರಿಗೆ ರಾತ್ರಿಯಿಡೀ ಹಾರಿ ಬಂದರೆ, ಅದೇ ಸೀಟಾದರೂ, ಲೆಕ್ಕಕ್ಕೇ ಇಲ್ಲ.