ಪಂಚೆ, ಥರ್ಮಾಕೋಲ್, ಕೌದಿ: ಕಡಿಮೆ ದುಡ್ಡಿನ ವಿಡಿಯೋ ಸಲಕರಣೆ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ರಾತ್ರಿ ಬೇರೆ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಬಲ್ಬ್ ಉರಿಯಲಿ. ಕೆಳಗೆ ಬಿಳಿ ಹಾಳೆ ಇಟ್ಟು, ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಪೆನ್ಸಿಲ್ ಹಿಡಿಯಿರಿ. ಗೆರೆ ಎಳೆದ ಹಾಗೆ ನೆರಳು ಬೀಳುತ್ತದೆ. ಈಗ ಇಬ್ಬರು ಸೇರಿ ಹಾಳೆಯಿಂದ ಒಂದೆರಡು ಅಡಿ ಮೇಲೆ ಬಿಳಿ ಪಂಚೆಯೊಂದನ್ನು ಅಗಲವಾಗಿ ಹಿಡಿಯಿರಿ. ನೆರಳು ಕರಗಿ ಹೋಗುತ್ತದೆ! ಬಲ್ಬ್ ಅದೇ, ಪೆನ್ಸಿಲ್ ಅದೇ. ಬೆಳಕು ಹೊರಡುವ ಜಾಗ ದೊಡ್ಡದಾಯಿತು, ಅಷ್ಟೇ.

ಸಾಫ್ಟ್ ಬಾಕ್ಸ್, ಅಂದರೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ದೀಪದ ಪೆಟ್ಟಿಗೆ, ಮಾಡುವುದೂ ಇಷ್ಟೇ. ಮುಖಕ್ಕೆ ಕಾಣುವ ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ. ಸೂರ್ಯ ಎಷ್ಟು ದೊಡ್ಡದಿದ್ದರೂ ತುಂಬಾ ದೂರ ಇರುವುದರಿಂದ ನಮಗೆ ಪುಟ್ಟ ಬಿಲ್ಲೆಯಷ್ಟೇ. ಅದಕ್ಕೇ ಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕೆಳಗೆ ಕಪ್ಪು ಗುಳಿ ಬಿದ್ದಂತೆ ಕಾಣುವುದು. ಮೋಡ ಮುಚ್ಚಿದ ದಿನ ಆಕಾಶವೇ ದೀಪವಾಗುತ್ತದೆ, ಮುಖ ತಿಳಿಯಾಗಿ ಕಾಣುತ್ತದೆ.

ನಾನು ಮಾಡಿದ ಮೊದಲ ಪೆಟ್ಟಿಗೆ ಕೆಲಸ ಮಾಡಲಿಲ್ಲ. ರಟ್ಟಿನ ಡಬ್ಬದ ಬಾಯಿಗೆ ಪಂಚೆ ಅಂಟಿಸಿ, ಬಟ್ಟೆಯ ಹಿಂದೆಯೇ ಬಲ್ಬ್ ಇಟ್ಟಿದ್ದೆ. ನಡುವೆ ಒಂದು ಉರಿಯುವ ಚುಕ್ಕೆ, ಸುತ್ತ ಕತ್ತಲೆ. ಅಂದರೆ ಬಟ್ಟೆ ದೊಡ್ಡದಿದ್ದರೂ ಬೆಳಗುತ್ತಿದ್ದ ಜಾಗ ಚಿಕ್ಕದೇ. ಆಮೇಲೆ ಬಲ್ಬನ್ನು ಹಿಂದಕ್ಕೆ ತಿರುಗಿಸಿದೆ. ಡಬ್ಬದ ಒಳಗೆ ಬಿಳಿ ಹಾಳೆ ಅಂಟಿಸಿ, ಬೆಳಕು ಮೊದಲು ಹಿಂಬದಿಗೆ ಬಡಿದು ಆಮೇಲೆ ಬಟ್ಟೆಗೆ ಬರುವ ಹಾಗೆ ಮಾಡಿದ ಮೇಲೆ ಪಂಚೆ ಪೂರ್ತಿ ಬೆಳಗಿತು. ಎಲ್‌ಇಡಿ ಬಲ್ಬನ್ನೇ ಹಾಕಿ, ಹಳೆಯ ತಂತಿ ಬಲ್ಬ್ ರಟ್ಟಿನ ಒಳಗೆ ಬೇಡವೇ ಬೇಡ. ಎಲ್‌ಇಡಿಯ ಬುಡವೂ ಬಿಸಿಯಾಗುತ್ತದೆ, ಹಿಂದೆ ಗಾಳಿಗೆ ತೂತು ಬಿಡಿ.

ದೀಪ ಹತ್ತಿರ ಇರಲಿ. ದೂರ ಅರ್ಧವಾದರೆ ಬೆಳಕು ಹೆಚ್ಚುಕಡಿಮೆ 4 ಪಟ್ಟು. ಜಾಸ್ತಿ ವಾಟ್‌ಗೆ ದುಡ್ಡು ಹಾಕುವ ಮೊದಲು ಪೆಟ್ಟಿಗೆಯನ್ನು ಫ್ರೇಮಿನ ಅಂಚಿನವರೆಗೂ ತಂದು ನೋಡಿ. ಹತ್ತಿರ ಬಂದಷ್ಟೂ ಅದು ಮುಖಕ್ಕೆ ದೊಡ್ಡದಾಗಿಯೂ ಕಾಣುತ್ತದೆ ಅಲ್ವಾ, ಎರಡು ಲಾಭ. ಮುಖದ ಇನ್ನೊಂದು ಕಡೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಅದೇ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ, ಎರಡನೇ ದೀಪವೇ ಬೇಡ.

ಇದನ್ನು ಬಡವರ ಉಪಾಯ ಅಂತ ಕೀಳಾಗಿ ನೋಡಬೇಡಿ. ಸತ್ಯಜಿತ್ ರೇ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಸ್ಟುಡಿಯೋದ ಅಂಗಳದ ಸೆಟ್ ಮೇಲೆ ಬಿಳಿ ಬಟ್ಟೆ ಕಟ್ಟಿ, ದೀಪಗಳನ್ನು ಅದಕ್ಕೆ ತಿರುಗಿಸಿ ಹಗಲಿನ ಬೆಳಕು ತಂದರು. ಮೈಸೂರಲ್ಲಿ ಹುಟ್ಟಿದ ನಮ್ಮ ಛಾಯಾಗ್ರಾಹಕ ವಿ. ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (1959) ಚಿತ್ರದ ಆ ಹೆಸರಾಂತ ಬೆಳಕಿನ ಕೋಲನ್ನು ತಂದದ್ದು ದೊಡ್ಡ ಕನ್ನಡಿಗಳಿಂದ, ಸ್ಟುಡಿಯೋ ಒಳಕ್ಕೆ ಬಿಸಿಲನ್ನೇ ತಿರುಗಿಸಿ. ಬಟ್ಟೆ, ಕನ್ನಡಿ. ಎರಡೂ ನಮ್ಮ ಮನೆಯಲ್ಲಿವೆ.

ವಿಡಿಯೋದಲ್ಲಿ ಅಡ್ಡ ಪಟ್ಟೆಗಳು ಓಡುತ್ತಿದ್ದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿಗಳಲ್ಲಿ ಬಹಳಷ್ಟು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ತೆಗೆದುಕೊಳ್ಳುವ ಹೊತ್ತು, 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟೆ ಹೋಗುತ್ತದೆ. ಎಷ್ಟೋ ಫೋನುಗಳಲ್ಲಿ ಕ್ಯಾಮೆರಾದ ಪ್ರೋ ಮೋಡ್‌ನಲ್ಲಿ ಇದು ಸಿಗುತ್ತದೆ.

ಟ್ರೈಪಾಡ್ ಇಲ್ಲದಿದ್ದರೆ ಹಗ್ಗ ಸಾಕು. ಕ್ಯಾಮೆರಾ ಅಥವಾ ಮೊಬೈಲ್ ಹೋಲ್ಡರ್‌ನ ಕೆಳಗಿನ ತೂತಿಗೆ ಕಾಲಿಂಚು ಬೋಲ್ಟ್ ಹಾಕಿ, ಅದಕ್ಕೆ ಹಗ್ಗ ಕಟ್ಟಿ. ಇನ್ನೊಂದು ತುದಿಯನ್ನು ಕಾಲಡಿ ತುಳಿದು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಕೈನಡುಕ ಎಷ್ಟೋ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ 6 ಎಂಎಂ ಕೊಟ್ಟರೆ ವಾಪಸ್ ಕೊಡಿ. ನೋಡಲು ಒಂದೇ ಥರ, ಆದರೆ ಕಾಲಿಂಚು ಅಂದರೆ 6.35 ಎಂಎಂ, ಮರೆಯ (ಬೋಲ್ಟಿನ ಸುರುಳಿ ಗೆರೆಯ) ಅಳತೆಯೂ ಬೇರೆ. ಬಲವಂತ ಮಾಡಿದರೆ ಮರೆ ಸವೆದು ಹೋಗುತ್ತದೆ. ಬೋಲ್ಟ್ ಉದ್ದ ಇದ್ದರೆ ನಡುವೆ ವಾಷರ್ ಹಾಕಿ, ಒಳಗೆ ಜಾಸ್ತಿ ಹೋಗಬಾರದು.

ಧ್ವನಿಗೆ ಮಾತ್ರ ಕೈಯಲ್ಲಿರುವ ದುಡ್ಡು ಖರ್ಚು ಮಾಡಿ ಅನ್ನುತ್ತೇನೆ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕ್ ತಗೊಳ್ಳಿ. ಅದೂ ಆಗದಿದ್ದರೆ ಇನ್ನೊಂದು ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಅಂಗಿಯ ಜೇಬಿನಲ್ಲಿ ಇಡಿ, ಮೈಕಿನ ತೂತು ಮೇಲಕ್ಕೆ ಇರಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಧ್ವನಿಯ ಗೆರೆ ಆ ಚಪ್ಪಾಳೆಗೆ ಎದ್ದ ಮೊನೆಯನ್ನು ಕೈ ಸೇರುವ ಫ್ರೇಮಿಗೆ ಕೂಡಿಸಿದರೆ ತುಟಿ, ಮಾತು ಎರಡೂ ಸರಿಹೊಂದುತ್ತವೆ.

ಖಾಲಿ ಕೋಣೆ ಗುಂಯ್‌ಗುಡುವುದು ಗಟ್ಟಿ ಗೋಡೆಗಳಿಂದ ಮಾತು ವಾಪಸ್ ಬರುವುದರಿಂದ. ಅಲ್ಲಿ ಅಜ್ಜಿ ಹೊಲಿದ ಕೌದಿ ಕೆಲಸಕ್ಕೆ ಬರುತ್ತದೆ. ಪದರ ಪದರ ಹಳೆ ಬಟ್ಟೆ, ಒಳ್ಳೆ ದಪ್ಪ. ಮಾತಾಡುವವರ ಎದುರಿಗೆ, ಕ್ಯಾಮೆರಾದ ಹಿಂದೆ ಹಗ್ಗ ಕಟ್ಟಿ ಒಂದನ್ನು ನೇತುಹಾಕಿ, ಇನ್ನೊಂದನ್ನು ನೆಲಕ್ಕೆ ಹಾಸಿ. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಫ್ಯಾನ್ ಆರಿಸಿರಬೇಕು.