ಗುಂಡಿಗೂ ಮುಂಚಿನ ಗಳಿಗೆ: ಪಾಶ್ಚಾತ್ಯ ಚಿತ್ರಗಳಲ್ಲಿ ಹೆಣ್ಣಿನ ಸೇಡು

ಹೆಣ್ಣಿನ ಸೇಡನ್ನು ಕಥಾವಸ್ತುವಾಗಿಸಿಕೊಂಡ ಪಾಶ್ಚಾತ್ಯ ಚಿತ್ರಗಳ ಬಗ್ಗೆ ಬರೆಯುವಾಗ ನಾವು ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತೇವೆ: ಅನ್ಯಾಯವಾಯಿತು, ಅವಳು ಆಯುಧ ಎತ್ತಿದಳು, ಆದ್ದರಿಂದ ಸಬಲಳಾದಳು. ಈ ಲೆಕ್ಕ ಅಷ್ಟು ಸಲೀಸಲ್ಲ. ಗುಂಡು ಹಾರುವ ಗಳಿಗೆಗಿಂತ ಅದಕ್ಕೂ ತುಸು ಮುಂಚಿನ ಇನ್ನೊಂದು ಗಳಿಗೆಯ ಮೇಲೆ ಕಣ್ಣಿಟ್ಟರೆ ಈ ಚಿತ್ರಗಳು ಬೇರೆಯಾಗಿಯೇ ಕಾಣುತ್ತವೆ. ತಪ್ಪಾಯಿತೆಂದು ಒಪ್ಪಿಕೊಳ್ಳುವ ಅವಕಾಶ ಎದುರಿನವನಿಗೆ ಸಿಕ್ಕಿತೇ, ಸಿಕ್ಕಾಗ ಅವನು ಏನು ಮಾಡಿದ ಎಂಬುದೇ ಆ ಗಳಿಗೆ.

ಮೊದಲು, ಹೆಣ್ಣಿಗೆ ಸೇಡಿನ ಹಕ್ಕೇ ಇಲ್ಲದ ಒಂದು ಕಥೆಯನ್ನು ನೋಡೋಣ. ಇಂಗ್ಮರ್ ಬರ್ಗ್‌ಮನ್ ನಿರ್ದೇಶನದ 1960ರ ಸ್ವೀಡಿಷ್ ಚಿತ್ರ ‘ದ ವರ್ಜಿನ್ ಸ್ಪ್ರಿಂಗ್’ನಲ್ಲಿ ಅತ್ಯಾಚಾರಕ್ಕೊಳಗಾದ ಹುಡುಗಿ ಅಲ್ಲೇ ಕೊಲೆಯಾಗುತ್ತಾಳೆ. ಸೇಡು ತೀರಿಸುವವನು ಅವಳ ತಂದೆ. ಆಮೇಲೆ ದೇವರ ಮುಂದೆ ಕ್ಷಮೆ ಕೇಳಿ, ಗುಡಿ ಕಟ್ಟಿಸುವ ಹರಕೆ ಹೊರುವವನೂ ಅವನೇ. ಹಗೆಯೂ ಪ್ರಾಯಶ್ಚಿತ್ತವೂ ಗಂಡಸಿನದಾದ ಮೇಲೆ ಮಗಳ ಪಾಲಿಗೆ ಉಳಿಯುವುದು ಅವಳ ಹೆಣದಡಿ ಉಕ್ಕುವ ನೀರಿನ ಬುಗ್ಗೆ ಮಾತ್ರ.

1991ರ ಚಿತ್ರ ‘ಥೆಲ್ಮಾ ಅಂಡ್ ಲೂಯಿಸ್’ಗೆ ಬಂದಾಗ ಪರಿಸ್ಥಿತಿ ಪೂರ್ತಿ ಬದಲಾಗಿರುತ್ತದೆ. ನಿರ್ದೇಶಕ ರಿಡ್ಲಿ ಸ್ಕಾಟ್. ಚಿತ್ರಕಥೆ ಬರೆದ ಕ್ಯಾಲೀ ಖೂರಿಗೆ ಅದಕ್ಕಾಗಿ ಆಸ್ಕರ್ ಬಂತು. ವಾರಾಂತ್ಯದ ಪ್ರವಾಸಕ್ಕೆಂದು ಹೊರಟ ಇಬ್ಬರು ಗೆಳತಿಯರು ದಾರಿಯಲ್ಲಿ ಒಂದು ಬಾರ್‌ಗೆ ಹೋಗುತ್ತಾರೆ. ಥೆಲ್ಮಾಳ ಜೊತೆ ಕುಣಿದ ಹಾರ್ಲನ್ ಅವಳನ್ನು ಕಾರು ನಿಲ್ಲಿಸುವ ಜಾಗಕ್ಕೆ ಕರೆತಂದು ಬಲಾತ್ಕಾರಕ್ಕೆ ಇಳಿಯುತ್ತಾನೆ. ಲೂಯಿಸ್ ಅವನ ಕುತ್ತಿಗೆಗೆ ಪಿಸ್ತೂಲು ಒತ್ತುತ್ತಾಳೆ, ಅವನು ಕೈಬಿಡುತ್ತಾನೆ. ಇಲ್ಲಿಗೆ ಅಪಾಯ ಮುಗಿದಿದೆ ಎಂಬುದನ್ನು ಅಡಿಗೆರೆ ಎಳೆದು ಗುರುತು ಮಾಡಿಕೊಳ್ಳಬೇಕು. ಹೆಂಗಸು ಹಾಗೆ ಅಳುತ್ತಿದ್ದರೆ ಅದು ಖುಷಿಯಿಂದಲ್ಲ ಎಂದು ಲೂಯಿಸ್ ಅವನಿಗೆ ಬುದ್ಧಿ ಹೇಳುತ್ತಾಳೆ. ಇಬ್ಬರೂ ತಿರುಗಿ ನಡೆಯುತ್ತಾರೆ. ಹಾರ್ಲನ್ ಬೆನ್ನ ಹಿಂದಿನಿಂದ ಕೊಳಕು ಮಾತಾಡುತ್ತಾನೆ, ಅವಳು ನಿಂತಾಗ ಇನ್ನೂ ಕೊಳಕಾದುದನ್ನು ಸೇರಿಸುತ್ತಾನೆ. ಆಗ ಗುಂಡು ಹಾರುತ್ತದೆ. ಆತ್ಮರಕ್ಷಣೆ ಎಂಬ ವಾದ ಕಾನೂನಿನ ಮುಂದೆ ನಿಲ್ಲದಂತೆ ಖೂರಿ ಈ ಪ್ರಸಂಗವನ್ನು ಬೇಕೆಂದೇ ಹೆಣೆದಿದ್ದಾರೆ ಎಂದು ನನ್ನ ಅನಿಸಿಕೆ. ಪೊಲೀಸರ ಬಳಿ ಹೋಗೋಣ ಎನ್ನುವ ಥೆಲ್ಮಾಳಿಗೆ ಲೂಯಿಸ್ ಕೊಡುವ ಉತ್ತರವೂ ಇದಕ್ಕೆ ಹೊಂದುತ್ತದೆ: ನೀನು ಅವನ ಜೊತೆ ಕೆನ್ನೆಗೆ ಕೆನ್ನೆ ತಾಗಿಸಿ ಕುಣಿದದ್ದನ್ನು ಎಷ್ಟೋ ಜನ ನೋಡಿದ್ದಾರೆ, ನಿನ್ನನ್ನು ಯಾರು ನಂಬುತ್ತಾರೆ? ಟೆಕ್ಸಾಸ್‌ನಲ್ಲಿ ಅವಳಿಗೆ ಹಿಂದೆ ಏನಾಗಿತ್ತೆಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ತಲೆಮರೆಸಿಕೊಂಡು ಓಡುವ ಅವಸರವಿದ್ದರೂ ಆ ರಾಜ್ಯವನ್ನು ಹೊಗದೆ ಸುತ್ತುದಾರಿಯಲ್ಲೇ ಹೋಗಬೇಕೆಂದು ಅವಳು ಹಟ ಹಿಡಿಯುತ್ತಾಳೆ, ಅಷ್ಟೆ.

ಇದೇ ಚಿತ್ರದ ಟ್ಯಾಂಕರ್ ಚಾಲಕನ ದೃಶ್ಯವನ್ನು ತಮಾಷೆಯೆಂದು ದಾಟಿಬಿಡುವವರು ಹೆಚ್ಚು. ದಾರಿಯುದ್ದಕ್ಕೂ ಅಶ್ಲೀಲ ಸನ್ನೆ ಮಾಡುತ್ತ ಬಂದವನನ್ನು ಈ ಗೆಳತಿಯರು ನಿಲ್ಲಿಸಿ, ಕ್ಷಮೆ ಕೇಳು ಎನ್ನುತ್ತಾರೆ. ಅವನು ಒಪ್ಪುವುದಿಲ್ಲ, ಇವರ ಗುಂಡಿನೇಟಿಗೆ ಮೊದಲು ಟೈರುಗಳು, ಬಳಿಕ ಇಡೀ ಟ್ಯಾಂಕರ್ ಸಿಡಿದುಹೋಗುತ್ತದೆ. ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದ ವ್ಯವಹಾರ ಅದು.

ಇದಕ್ಕೂ ಹಿಂದಿನ, 1978ರ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ ನೋಡಲು ಕಷ್ಟವಾದ ಚಿತ್ರ. ಅದರ ಅತ್ಯಾಚಾರದ ದೃಶ್ಯಗಳು ಅತಿಯಾಗಿ ಲಂಬಿಸಿವೆ ಎಂಬ ಆಕ್ಷೇಪಣೆಯನ್ನು ನಾನೂ ಒಪ್ಪುತ್ತೇನೆ. ಆದರೂ ಅದರಲ್ಲಿ ನಾಯಕಿ ಬಂದೂಕು ಗುರಿಯಿಟ್ಟು ನಿಂತಾಗ ಅತ್ಯಾಚಾರಿಗಳಲ್ಲೊಬ್ಬನಾದ ಜಾನಿ ಎಂಬವನು ತಪ್ಪೆಲ್ಲ ಅವಳ ಉಡುಗೆಯದೇ ಎಂದು ವಾದಿಸುತ್ತಾನೆ. ಸಾವು ಎದುರಿಗಿದ್ದರೂ ಅವನಿಗೆ ವಾದ ಹೊಳೆಯುತ್ತದೆ, ಪಶ್ಚಾತ್ತಾಪ ಹೊಳೆಯುವುದಿಲ್ಲ. ಇಂಥ ಚಿತ್ರಗಳನ್ನು ನೋಡುವ ಗಂಡಸು ಕೇವಲ ಹಿಂಸಿಸುವವನ ಪಕ್ಷದಲ್ಲಿರದೆ, ನೊಂದು ತಿರುಗಿಬೀಳುವ ಹೆಣ್ಣಿನೊಳಗೂ ಹೊಕ್ಕು ನೋಡುತ್ತಾನೆ ಎಂಬ ವಾದವನ್ನು ಅಮೆರಿಕದ ಚಲನಚಿತ್ರ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1992ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟರು. ಪರೀಕ್ಷೆಗೆ ಈ ಹೆಸರು ನೆನಪಿರಲಿ.

ಎಮರಾಲ್ಡ್ ಫೆನೆಲ್ ಬರೆದು ನಿರ್ದೇಶಿಸಿದ 2020ರ ‘ಪ್ರಾಮಿಸಿಂಗ್ ಯಂಗ್ ವುಮನ್’ನಲ್ಲಿ ಈ ಎಳೆ ಇನ್ನಷ್ಟು ಸ್ಪಷ್ಟವಾಗಿದೆ. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟ ಕ್ಯಾಸಿ, ಬಾರ್‌ಗಳಲ್ಲಿ ಕುಡಿದು ಪ್ರಜ್ಞೆ ತಪ್ಪಿದವಳಂತೆ ನಟಿಸುತ್ತಾಳೆ. ಮನೆಗೆ ಕರೆದೊಯ್ದ ‘ಸಭ್ಯ’ ಗಂಡಸು ಕೈ ಹಾಕಿದಾಗ ಥಟ್ಟನೆ ಎದ್ದು ಕುಳಿತು, ಏನು ಮಾಡುತ್ತಿದ್ದೀಯ ಎಂದು ನೆಟ್ಟಗೆ ಕೇಳುತ್ತಾಳೆ. ಕತ್ತಿಯಿಲ್ಲ, ರಕ್ತವಿಲ್ಲ, ಪುಸ್ತಕದಲ್ಲಿ ಒಂದು ಗೀಟು ಸೇರುತ್ತದೆ. ಕಾಲೇಜಿನಲ್ಲಿ ಅತ್ಯಾಚಾರಕ್ಕೊಳಗಾದ ಗೆಳತಿ ನೀನಾಳ ದೂರನ್ನು ಹಿಂದೆ ಮುಚ್ಚಿಹಾಕಿದವರನ್ನು ಅವಳು ಒಬ್ಬೊಬ್ಬರಾಗಿ ಭೇಟಿಯಾಗುತ್ತಾಳೆ. ಡೀನ್ ಹುದ್ದೆಯಲ್ಲಿರುವ ಹೆಂಗಸು ನೀನಾಳ ಹೆಸರನ್ನೇ ಮರೆತಿದ್ದಾಳೆ. ಆದರೆ ಆಗ ಆರೋಪಿಯ ಪರ ನಿಂತು ನೀನಾಳನ್ನು ಬೆದರಿಸಿದ್ದ ವಕೀಲ, ಬಾಗಿಲು ತೆರೆದಾಗಲೇ ಪಶ್ಚಾತ್ತಾಪದಿಂದ ಕುಗ್ಗಿಹೋಗಿದ್ದಾನೆ. ಅವನಿಗೆ ಹೊಡೆಸಲು ಏರ್ಪಾಡು ಮಾಡಿಕೊಂಡೇ ಬಂದಿದ್ದ ಕ್ಯಾಸಿ ಅವನನ್ನು ಕ್ಷಮಿಸಿ ಹೊರಡುತ್ತಾಳೆ. ಒಪ್ಪಿಕೊಂಡವನ ಮೇಲೆ ಅವಳಿಗೆ ಹಗೆಯಿಲ್ಲ.

ಮುಖ್ಯ ಆರೋಪಿ ಅಲ್ ಮನ್ರೋ ಒಪ್ಪಿಕೊಳ್ಳುವುದಿಲ್ಲ. ಕ್ಯಾಸಿ ಬೇಡಿ ಹಾಕಿ ಮಂಚಕ್ಕೆ ಕಟ್ಟಿದ್ದ ಅವನು ಒಂದು ಕೈ ಬಿಡಿಸಿಕೊಂಡು ದಿಂಬಿನಿಂದ ಅವಳ ಉಸಿರು ಕಟ್ಟಿಸುತ್ತಾನೆ, ಕ್ಯಾಮೆರಾ ಬಹಳ ಹೊತ್ತು ಅಲ್ಲಿಂದ ಕದಲುವುದಿಲ್ಲ. ಥೆಲ್ಮಾ ಮತ್ತು ಲೂಯಿಸ್‌ರ ಕಾರು ಕೊನೆಯಲ್ಲಿ ಕಣಿವೆಗೆ ಹಾರಿ ಗಾಳಿಯಲ್ಲಿರುವಾಗಲೇ ದೃಶ್ಯ ಸ್ತಬ್ಧವಾಗಿಬಿಡುವುದರಿಂದ ನಾವು ಅವರ ಸಾವನ್ನು ನೋಡದೆ ಎದ್ದು ಬರಬಹುದು. ಫೆನೆಲ್ ನಮಗೆ ಆ ರಿಯಾಯಿತಿ ಕೊಡುವುದಿಲ್ಲ. ಕ್ಯಾಸಿ ಮೊದಲೇ ಸಾಕ್ಷ್ಯ ಕಳುಹಿಸಿದ್ದು ಆ ವಕೀಲನಿಗೇ. ಅಲ್‌ನ ಮದುವೆಯ ದಿನ ಪೊಲೀಸರು ಬರುತ್ತಾರೆ, ಆದರೆ ನೀನಾಳ ದೂರಿಗಾಗಿ ಅಲ್ಲ, ಕ್ಯಾಸಿಯ ಕೊಲೆಗಾಗಿ. ಅದೇ ಹೊತ್ತಿಗೆ ತಲುಪುವಂತೆ ಅವಳು ಹೊಂದಿಸಿಟ್ಟಿದ್ದ ಸಂದೇಶದ ಕೊನೆಯಲ್ಲಿ ಇಬ್ಬರು ಗೆಳತಿಯರ ಹೆಸರೂ ಇದೆ.